‘ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತಲ್ಲ?’

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನವಳು. 2 ವರ್ಷದಿಂದ ಧಾರಾವಾಹಿ ಸಂಭಾಷಣೆಯ ತಂಡವೊಂದರಲ್ಲಿ ಸಹಾಯಕಿಯಾಗಿದ್ದೇನೆ. ಈಗ ಮೊದಲ ಬಾರಿಗೆ ಸ್ವಂತ ಕಥೆ ಬರೆಯುತ್ತಿದ್ದೇನೆ. ಆಲೆಮನೆ ನಡೆಸುವ ಕೂಡುಕುಟುಂಬ. ಹಿರಿಸೊಸೆ ಸುಶೀಲ ಕೊಪ್ಪರಿಗೆಯ ಮುಂದೆ ನಿಂತು ಪಾಕ ನೋಡುವವಳು, ಕಿರಿಸೊಸೆ ಭಾಗ್ಯ ಲೆಕ್ಕ ಬರೆಯುವವಳು. ವಾರಗಿತ್ತಿಯರಾದರೂ ಒಡಹುಟ್ಟಿದವರಂತೆ ಇದ್ದಾರೆ. 14ನೆಯ ಸಂಚಿಕೆಯಲ್ಲಿ ಭಾಗ್ಯ ಫೋನಿನಲ್ಲಿ ಪಹಣಿ (ಜಮೀನಿನ ದಾಖಲೆ), ಪೋಡಿ (ಜಮೀನನ್ನು ಅಳೆದು ಬೇರೆ ಬೇರೆ ಮಾಡುವುದು) ಎಂದು ಮಾತನಾಡುವುದು ಸುಶೀಲಳ ಕಿವಿಗೆ ಬೀಳುತ್ತದೆ. ಇವಳು ಪಾಲು ಕೇಳಲು ಹೊರಟಿದ್ದಾಳೆ ಎಂದು ಅವಳು ನಂಬುತ್ತಾಳೆ. 15ನೆಯ ಸಂಚಿಕೆ ಪೂರ್ತಿ ಜಗಳ. ನಿಜವಾಗಿ ಭಾಗ್ಯ ವಿಚಾರಿಸಿದ್ದು ಬ್ಯಾಂಕ್ ಸಾಲಕ್ಕಾಗಿ, ಅದೂ ಸುಶೀಲಳ ಮಗನ ಓದಿಗಾಗಿ. ಓದಿ ಹೇಳಿದಾಗ ನನ್ನ ತಾಯಿ, ‘ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತಲ್ಲ’ ಎಂದರು. ನಿರ್ಮಾಪಕರ ಕಡೆಯವರು, ‘ಕಾವು ಸಾಲದು, ಒಂದು ಕೆನ್ನೆಗೆ ಹೊಡೆಸಿ, ಭಾಗ್ಯಳನ್ನು ಸ್ವಲ್ಪ ಕೆಟ್ಟವಳನ್ನಾಗಿ ಮಾಡಿ’ ಎನ್ನುತ್ತಾರೆ. ಇಬ್ಬರಲ್ಲಿ ಯಾರನ್ನೂ ಕೆಡಿಸಲು ನನಗೆ ಮನಸ್ಸಿಲ್ಲ. ಕರಡು, ಕಥಾಸಾರಾಂಶ ಜೊತೆಗಿಟ್ಟಿದ್ದೇನೆ. ನಾನು ಎಲ್ಲಿ ತಪ್ಪಿದ್ದೇನೆ? ಇವರನ್ನು ಎಷ್ಟು ದಿನ ದೂರ ಇಡಬಹುದು? ಮತ್ತೆ ಒಂದು ಮಾಡಲೇಬೇಕೇ?

ಉತ್ತರ: ನಿಮ್ಮ ತಾಯಿಯವರ ಮಾತಿನಿಂದಲೇ ಆರಂಭಿಸುತ್ತೇನೆ. ಈ ಕಥೆಯ ನಾಡಿಯನ್ನು ಸರಿಯಾಗಿ ಹಿಡಿದವರು ಅವರೊಬ್ಬರೇ. ನಿರ್ಮಾಪಕರ ಕಡೆಯವರಿಗೂ ಏನೋ ಕೊರತೆ ಕಂಡಿದೆ, ಆದರೆ ಅವರು ಹೇಳುತ್ತಿರುವ ಮದ್ದು ಬೇರೆ ರೋಗದ್ದು. ಇಬ್ಬರೂ ಒಳ್ಳೆಯವರಾಗಿಯೇ ಉಳಿದರೆ ಜಗಳಕ್ಕೆ ಕಾವು ಬರುವುದಿಲ್ಲವೇನೋ, ಕಾವು ಬರಬೇಕಾದರೆ ಒಬ್ಬಳನ್ನು ಬಲಿ ಕೊಡಬೇಕೇನೋ ಎಂಬುದು ನಿಮ್ಮ ಅಂಜಿಕೆ. ಹಾಗೇನೂ ಇಲ್ಲ. ಮೈಸೂರಿನಲ್ಲಿ ಕುಳಿತು 20 ವರ್ಷಕ್ಕೂ ಮಿಗಿಲಾಗಿ ಧಾರಾವಾಹಿಗಳಿಗೆ ಬರೆದ ಅನುಭವದಿಂದ ಇದನ್ನು ಹೇಳುತ್ತಿದ್ದೇನೆ. ನೋಡುವವರ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸುವ ಜಗಳಗಳೆಲ್ಲ ಇಬ್ಬರು ಒಳ್ಳೆಯವರ ನಡುವಿನವೇ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಬಹಳ ಹಿಂದೆ ಬರೆದ ಒಂದು ಧಾರಾವಾಹಿಯಲ್ಲಿ ಇಬ್ಬರು ಗೆಳತಿಯರನ್ನು ಒಂದು ಕಾಗದದ ನೆಪದಲ್ಲಿ ದೂರ ಮಾಡಿದೆ. ತಪ್ಪಿದ ವಿಳಾಸ, ಅರ್ಧ ಹರಿದ ಪುಟ, ಕದ್ದು ಓದಿದವರು ಎಲ್ಲವೂ ಇತ್ತು. 5 ವಾರ ಎಳೆದೆವು. ಆಗ ಒಂದು ಬೆಳಿಗ್ಗೆ ಸರಸ್ವತಿಪುರಂನಲ್ಲಿ ತರಕಾರಿ ಗಾಡಿಯ ಮುಂದೆ ಬೀನ್ಸ್ ಆರಿಸುತ್ತಿದ್ದ ನಮ್ಮ ಬೀದಿಯ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, ‘ಆ ಹುಡುಗಿಯ ಹತ್ತಿರ ಮೊಬೈಲ್ ಇದೆಯಲ್ಲ, ಫೋನ್ ಮಾಡಿ ಕೇಳಬಾರದೇ?’ ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ನಿಜವಾದ ಕಳವಳವಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮೇಲೆ 25 ಸಂಚಿಕೆ ಕಟ್ಟಿದ್ದೆ.

ಈಗ ನಿಮ್ಮೂರಿನ ಕಡೆಗೆ ಬನ್ನಿ. ಮಂಡ್ಯ ಸೀಮೆಯ ಯಾವ ಊರಿಗೆ ಹೋದರೂ ಮಾತು ಬಿಟ್ಟ ಮನೆಗಳು ಸಿಗುತ್ತವೆ. ಒಂದೇ ನಾಲೆಯ ನೀರು, ಒಂದೇ ದೇವಸ್ಥಾನದ ಜಗಲಿ, ಅಕ್ಕಪಕ್ಕದ ಬಾಗಿಲು, ಹತ್ತು ವರ್ಷದಿಂದ ಮಾತಿಲ್ಲ. ಕಾರಣ ಕೇಳಿದರೆ ಸಣ್ಣದೊಂದನ್ನು ಹೇಳುತ್ತಾರೆ. ಲಗ್ನಪತ್ರಿಕೆಯನ್ನು ನಮಗೆ ಕೊನೆಗೆ ತಂದರು. ನಮ್ಮ ಸರದಿಯ ರಾತ್ರಿ ತೂಬು ಮುಚ್ಚಿದರು. ತಿಥಿಗೆ ಬಂದು ಊಟ ಮಾಡದೆ ಹೋದರು. ಅಲ್ಲಿಗೇ ಎದ್ದು ಬರಬೇಡಿ. ಇನ್ನೊಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕುಳಿತರೆ ನಿಜವಾದದ್ದು ಹೊರಬರುತ್ತದೆ: ಅಣ್ಣನ ಓದಿಗಾಗಿ ತಮ್ಮ ಶಾಲೆ ಬಿಟ್ಟಿದ್ದು, ಅಮ್ಮನ ಕೊನೆಗಾಲದಲ್ಲಿ ಯಾರು ಮಲಮೂತ್ರ ಬಳಿದರು ಎಂಬುದು, ಯಾರೂ ಬಾಯಿಬಿಟ್ಟು ‘ನಿನ್ನಿಂದ ಆಯಿತಪ್ಪ’ ಎನ್ನದೆ ಹೋದದ್ದು. ಲಗ್ನಪತ್ರಿಕೆ ಬಂದದ್ದು ಆ ಹಳೆಯ ಬಾಕಿಯನ್ನು ವಸೂಲಿ ಮಾಡಲು.

ಹತ್ತಿರದವರ ಮುನಿಸಿನ ಕಥೆಯಲ್ಲಿ ಮೊದಲು ಹುಡುಕಬೇಕಾದದ್ದು ಈ ಬಾಕಿಯನ್ನು. ಪರರೊಂದಿಗೆ ಜಗಳವಾಡಲು ಕಾರಣವೊಂದಿದ್ದರೆ ಸಾಕು. ನಮ್ಮವರೊಂದಿಗೆ ಮಾತು ಬಿಡಬೇಕಾದರೆ ವರ್ಷಗಟ್ಟಲೆ ಬರೆದಿಟ್ಟ, ಯಾರಿಗೂ ತೋರಿಸದ ಲೆಕ್ಕವೊಂದು ಒಳಗಿರಬೇಕು. ನಿಮ್ಮ 15ನೆಯ ಸಂಚಿಕೆಯಲ್ಲಿ ಕಾರಣವಿದೆ, ಲೆಕ್ಕವಿಲ್ಲ. ಹಾಗಾಗಿ ಇಬ್ಬರೂ ಎಷ್ಟು ಕೂಗಿದರೂ ಸೀನ್ ಕೂರುತ್ತಿಲ್ಲ.

ರಾಮಾಯಣದ ಕೈಕೇಯಿಯನ್ನೇ ನೋಡಿ. ರಾಮನಿಗೆ ಪಟ್ಟವೆಂಬ ಸುದ್ದಿ ತಂದ ಮಂಥರೆಗೆ ವಾಲ್ಮೀಕಿಯ ಕೈಕೇಯಿ ಮೊದಲು ಕೊಡುವುದು ಒಡವೆಯನ್ನು, ಅದೂ ಮನಸಾರೆ ಸಂತೋಷಪಟ್ಟು. ಮಂಥರೆ ಆಮೇಲೆ ಮಾಡುವುದಿಷ್ಟೇ: ನಾಳೆ ಕೌಸಲ್ಯೆಯ ಮುಂದೆ ಕೈಕಟ್ಟಿ ನಿಲ್ಲಬೇಕಾದೀತು ಎಂಬ ಭಯವನ್ನು ಬೆರಳಿಟ್ಟು ತೋರಿಸುತ್ತಾಳೆ. ಸವತಿಯರಿರುವ ಅರಮನೆಯಲ್ಲಿ ಆ ಭಯ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ. ಜೊತೆಗೆ ಎರಡು ವರಗಳಿದ್ದವು. ಯುದ್ಧದಲ್ಲಿ ಪ್ರಾಣ ಉಳಿಸಿದ್ದಕ್ಕೆ ದಶರಥ ಕೊಟ್ಟು, ಬೇಕಾದಾಗ ಕೇಳುತ್ತೇನೆಂದು ಅವಳು ಇಟ್ಟುಕೊಂಡಿದ್ದ ವರಗಳು. ಅವು ಇರದಿದ್ದರೆ ಮಂಥರೆಯ ಮಾತು ದಾಸಿಯ ಗೊಣಗಾಟವಾಗಿ ಉಳಿದುಬಿಡುತ್ತಿತ್ತು.

ಸುಶೀಲ ಮತ್ತು ಭಾಗ್ಯರ ಹೆಸರಿನಲ್ಲಿ ಒಂದೊಂದು ಹಾಳೆ ತೆಗೆದುಕೊಂಡು ಬಾಕಿಗಳನ್ನು ಬರೆಯಿರಿ. ನನ್ನ ಊಹೆಯಿಂದ ಕೆಲವನ್ನು ಹೇಳುತ್ತೇನೆ, ಹೊಂದುವುದನ್ನು ಇಟ್ಟುಕೊಳ್ಳಿ. ಗಾಣದ ಮೋಟಾರು ಸುಟ್ಟ ವರ್ಷ ಸುಶೀಲ ತವರಿನಿಂದ ತಂದ ಸರ ಅಡವಿಟ್ಟಿದ್ದಾಳೆ. ಅದು ಮತ್ತೆ ಮನೆಗೆ ಬರಲಿಲ್ಲ, ಯಾರೂ ಆ ಮಾತೆತ್ತಲಿಲ್ಲ, ಮದುವೆ ಮನೆಗಳಲ್ಲಿ ಅವಳು ಸೆರಗನ್ನು ಕುತ್ತಿಗೆಯ ತುಂಬ ಹೊದ್ದು ಕೂರುತ್ತಾಳೆ. ಭಾಗ್ಯಳ ಬಾಣಂತನವನ್ನು ತಾಯಿಯಂತೆ ಮಾಡಿದ್ದಾಳೆ. ಇತ್ತ ಭಾಗ್ಯ 8 ವರ್ಷದಿಂದ ಆಲೆಮನೆಯ ಒಂದೊಂದು ರೂಪಾಯಿಯನ್ನೂ ಬರೆದವಳು. ಆದರೆ ಬೆಲ್ಲ ಮಾರಿದ ದುಡ್ಡು ಸೇರುವುದು ಸುಶೀಲಳ ಗಂಡನ ಕೈಗೆ. ಮಗುವಿಗೆ ಜ್ವರ ಬಂದರೂ ‘ಭಾವ, 500 ರೂಪಾಯಿ ಬೇಕಿತ್ತು’ ಎಂದು ಕೇಳಿಯೇ ತೆಗೆದುಕೊಳ್ಳಬೇಕು. ‘ನಮ್ಮ ಭಾಗ್ಯನಿಗೆ ಲೆಕ್ಕ ಬಿಟ್ಟರೆ ಬೇರೇನೂ ಬಾರದು’ ಎಂದು ಸುಶೀಲ ನೆಂಟರ ಮುಂದೆ ಪ್ರೀತಿಯಿಂದಲೇ ಅಂದು ನಗುತ್ತಾಳೆ. ಭಾಗ್ಯಳೂ ನಗುತ್ತಾಳೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಸುಶೀಲ ಅವಳನ್ನು ಕೊಪ್ಪರಿಗೆಯ ಹತ್ತಿರ ಕರೆದು ‘ಪಾಕ ಬಂದಿದೆಯಾ ನೋಡು’ ಎಂದಿಲ್ಲ.

ಇಬ್ಬರಿಗೂ ತಮ್ಮ ಹಾಳೆ ಮಾತ್ರ ಬಾಯಿಪಾಠ. ಎದುರಿನವಳ ಹಾಳೆಯಲ್ಲಿ ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಪ್ರೇಕ್ಷಕರಿಗೆ ಮಾತ್ರ ಎರಡೂ ಗೊತ್ತಿರಬೇಕು. ಹಾಗಿದ್ದಾಗ ‘ಇಬ್ಬರೂ ಸರಿ, ಅಯ್ಯೋ’ ಎಂಬ ಸಂಕಟ ತಾನಾಗಿ ಹುಟ್ಟುತ್ತದೆ.

ಇನ್ನು ಆ ಫೋನ್ ಕರೆ. ತಪ್ಪು ತಿಳಿವಳಿಕೆಯಿಂದ ಜಗಳ ಹುಟ್ಟಿಸಲೇಬಾರದು ಎಂದು ಕೆಲವರು ಕಲಿಸುತ್ತಾರೆ. ನಾನು ಒಪ್ಪುವುದಿಲ್ಲ. ಪೂರ್ತಿ ಸುಳ್ಳಾದ ತಪ್ಪು ತಿಳಿವಳಿಕೆ ನಿಲ್ಲುವುದಿಲ್ಲ ನಿಜ, ಆದರೆ ಅರ್ಧ ನಿಜವಾದದ್ದು ಚೆನ್ನಾಗಿಯೇ ನಿಲ್ಲುತ್ತದೆ. ನಿಮ್ಮ ಭಾಗ್ಯ ಈಗ ಅಪ್ಪಟ ಚಿನ್ನ: ಸಾಲಕ್ಕಾಗಿ ಮಾತ್ರ ವಿಚಾರಿಸಿದಳು, ಅದೂ ಅಕ್ಕನ ಮಗನಿಗಾಗಿ. ಇಷ್ಟು ಶುದ್ಧವಾದವಳ ಮೇಲೆ ಅನುಮಾನಪಟ್ಟ ಸುಶೀಲ ತಾನಾಗಿಯೇ ದಡ್ಡಿಯಾಗುತ್ತಾಳೆ. ಹಾಗಾಗಿ ಭಾಗ್ಯಳ ಬಾಯಿಂದ ಇನ್ನೊಂದೇ ಪ್ರಶ್ನೆ ಹೆಚ್ಚಿಗೆ ಕೇಳಿಸಿ. ಸಾಲದ ವಿಚಾರವೆಲ್ಲ ಮುಗಿದು, ಫೋನ್ ಇಡುವ ಮುನ್ನ, ಸ್ವಲ್ಪ ತಡೆದು, ‘ಪೋಡಿ ಆಗುವುದಕ್ಕೆ ಎಷ್ಟು ದಿನ ಬೇಕಾಗುತ್ತದೆ?’ ಎಂದು ಕೇಳಲಿ. ಸಾಲಕ್ಕೆ ಆ ಪ್ರಶ್ನೆ ಬೇಕಿರಲಿಲ್ಲ. ಅದು ಯಾಕೆ ಬಾಯಿಗೆ ಬಂತು ಎಂದು ಅವಳಿಗೂ ಸರಿಯಾಗಿ ಗೊತ್ತಿಲ್ಲ. ಸುಶೀಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದು ಅದೊಂದನ್ನೇ.

ಈಗ ರಾತ್ರಿ ಸುಶೀಲ, ‘ಕೇಳಿದೆಯೋ ಇಲ್ಲವೋ, ಅದನ್ನು ಹೇಳು’ ಎಂದಾಗ ಭಾಗ್ಯಳಿಗೆ ‘ಇಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಅವಳು ತಡವರಿಸುವ ಆ ಒಂದು ಗಳಿಗೆ ಇಡೀ ಸಂಚಿಕೆಯ ಕೂಗಾಟಕ್ಕಿಂತ ಭಾರವಾದದ್ದು.

ನಿಮ್ಮ ತಾಯಿಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಸುಶೀಲ ಆಗಲೇ ಯಾಕೆ ಕೇಳಲಿಲ್ಲ? ಕೇಳಿದರೆ ‘ಹೌದು’ ಎಂದುಬಿಟ್ಟಾಳು ಎಂಬ ಹೆದರಿಕೆಗೆ. ಆಮೇಲೆ, ಹಿರಿಸೊಸೆಯಾದವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ ಎಂದು ಒಪ್ಪಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪಾಲಿನ ಮಾತೆತ್ತಿದರೆ ಸರದ ಮಾತು ಬಂದೇ ಬರುತ್ತದೆ. ತಾನು ಲೆಕ್ಕವಿಟ್ಟಿದ್ದೇನೆ ಎಂದು ಹೊರಗೆ ಗೊತ್ತಾಗುವುದು ಅವಳಿಗೆ ಸಾಯುವಷ್ಟು ನಾಚಿಕೆ. ಮಧ್ಯಾಹ್ನ ಕೇಳಿಸಿಕೊಂಡದ್ದಕ್ಕೂ ರಾತ್ರಿ ಬಾಯಿ ಬಿಟ್ಟದ್ದಕ್ಕೂ ನಡುವಿನ ಹೊತ್ತನ್ನು ನೀವು ಹಾರಿಸಿದ್ದೀರಿ. ಅದನ್ನು ಬರೆಯಿರಿ. ಹಾಲು ಬಂತಾ, ಆಳುಗಳಿಗೆ ಮುದ್ದೆ ಎಷ್ಟು ಮಾಡಲಿ, ಮಳೆ ಬಂದರೆ ಒಣಸಿಪ್ಪೆ ನೆನೆಯುತ್ತದಲ್ಲ ಎಂದು ಅವಳು ಭಾಗ್ಯಳನ್ನು ಎಲ್ಲವನ್ನೂ ಕೇಳುತ್ತಾಳೆ, ಅದೊಂದನ್ನು ಬಿಟ್ಟು.

ನಿರ್ಮಾಪಕರ ಕಡೆಯವರು ಕಾವು ಕೇಳುವುದರಲ್ಲಿ ಅವರ ಸಂಕಷ್ಟವೂ ಇದೆ, ಅದನ್ನು ಅರಿತುಕೊಳ್ಳಿ. ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಇರಬಹುದು. ಅಷ್ಟನ್ನೂ ತುಂಬಿದರೆ ಅರ್ಧ ಗಂಟೆಯಲ್ಲಿ ಕಥೆಗೆ ಉಳಿಯುವುದು 24 ನಿಮಿಷ. ಅದರಲ್ಲಿ ಹಿಂದಿನ ದಿನದ ತುಣುಕು, ಶೀರ್ಷಿಕೆ ಗೀತೆ. ಮಿಕ್ಕಿದ್ದನ್ನೂ ಜಾಹೀರಾತಿಗಾಗಿ ಕತ್ತರಿಸಿ, ಪ್ರತಿ ತುಂಡಿನ ತುದಿಗೆ ನೋಡುಗರನ್ನು ಹಿಡಿದಿಡುವ ಒಂದು ಕೊಕ್ಕೆ ಬೇಕು. ಗುರುವಾರ ಬಾರ್ಕ್ (ಎಷ್ಟು ಜನ ನೋಡಿದರೆಂದು ಅಳೆಯುವ ಸಂಸ್ಥೆ) ಅಂಕಿಗಳು ಬಂದ ಮೇಲೆ ವಾಹಿನಿಯಿಂದ ಬರುವ ಫೋನನ್ನು ಎತ್ತಬೇಕಾದವರು ಅವರೇ. ಕೂಗಾಟ ಪ್ರೋಮೋಗೆ ಸುಲಭವಾಗಿ ಒದಗುತ್ತದೆ, ಆದರೆ ಅದರ ಆಯುಸ್ಸು ಒಂದು ದಿನ. ಸೋಮವಾರ ಕೂಗಿದವರು ಮಂಗಳವಾರ ಇನ್ನೂ ಜೋರಾಗಿ ಕೂಗಬೇಕು, ಗುರುವಾರದ ಹೊತ್ತಿಗೆ ಗಂಟಲೂ ಇಲ್ಲ, ಕಥೆಯೂ ಇಲ್ಲ.

ಕಪಾಳಕ್ಕೆ ಹೊಡೆಸುವ ಸಲಹೆಗೆ ಮಾತ್ರ ನೀವು ಗಟ್ಟಿಯಾಗಿ ಬೇಡ ಎನ್ನಿ. ಏಟು ಬಿದ್ದ ಗಳಿಗೆಯಿಂದ ಕಥೆಯ ಪ್ರಶ್ನೆಯೇ ಬದಲಾಗುತ್ತದೆ. ಇವರು ಯಾಕೆ ಹೀಗಾದರು ಎನ್ನುತ್ತಿದ್ದವರು, ಅವಳು ಯಾವಾಗ ತಿರುಗಿ ಹೊಡೆಯುತ್ತಾಳೆ ಎನ್ನತೊಡಗುತ್ತಾರೆ. ಹಿರಿಯಳು ಕಿರಿಯಳಿಗೆ ಹೊಡೆದರೆ ನೋಡುಗರು ಕಿರಿಯಳ ಪಕ್ಷ ಸೇರಿ ಅಲ್ಲೇ ಉಳಿಯುತ್ತಾರೆ. ಸುಶೀಲಳ ಸರದ ನೋವನ್ನು ಆಮೇಲೆ ನೀವು ಎಷ್ಟು ಚೆನ್ನಾಗಿ ಬರೆದರೂ ಕೇಳುವವರಿರುವುದಿಲ್ಲ.

ಹಾಗಾದರೆ ಕಾವು ಎಲ್ಲಿಂದ ಬರಬೇಕು? ಲಕ್ಷ್ಮೀಪುರಂನ ಹಳೆಯ ಮನೆಯೊಂದರಲ್ಲಿ ನಡೆದ ಚಿತ್ರೀಕರಣವೊಂದು ನನಗೆ ಇದನ್ನು ಕಲಿಸಿತು. ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು, ಬಹುಕಾಲದ ಸ್ನೇಹ, ಅದು ಮುರಿಯುವ ದೃಶ್ಯ. ನಾನು 3 ಪುಟ ಸಂಭಾಷಣೆ ಬರೆದಿದ್ದೆ. ಎರಡು ಸಲ ತೆಗೆದರೂ ನಿರ್ದೇಶಕರಿಗೆ ಸಮಾಧಾನವಾಗಲಿಲ್ಲ. ರಂಗಭೂಮಿಯಿಂದ ಬಂದಿದ್ದ ಹಿರಿಯ ಕಲಾವಿದೆ ಹಾಳೆಗಳನ್ನು ಮಡಿಸಿಟ್ಟು, ‘ನಮ್ಮಲ್ಲಿ ಒಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ. ಇವಳು ಖಾಲಿ ಕೊಟ್ಟರೆ ಹೇಗೆ?’ ಎಂದರು.

ಹಾಗೆಯೇ ತೆಗೆದೆವು. ಹಿಂದಿನ ವಾರ ಒಬ್ಬಟ್ಟು ಬಂದಿದ್ದ ಸ್ಟೀಲ್ ಡಬ್ಬಿ. ಅವರು ಅದನ್ನು ತೊಳೆದರು. ಸೆರಗಿನ ತುದಿಯಿಂದ ಒಳಗೆ ಒರೆಸಿದರು, ಮುಚ್ಚಳದ ಅಂಚಿನಲ್ಲಿ ನಿಂತಿದ್ದ ನೀರನ್ನೂ ಬೆರಳಿನಿಂದ ಸುತ್ತಿಸಿ ತೆಗೆದರು. ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲಿಟ್ಟು, ‘ನಿಮ್ಮ ಡಬ್ಬಿ’ ಎಂದು ಹೇಳಿ ಒಳಗೆ ಹೋದರು. ಕ್ಯಾಮೆರಾ ಅವರ ಹಿಂದೆ ಹೋಗಲಿಲ್ಲ. ಡಬ್ಬಿಯನ್ನು ಎತ್ತಿಕೊಂಡವಳ ಮುಖದ ಮೇಲೆ ನಿಂತಿತು. ಅವಳು ಮುಚ್ಚಳ ತೆಗೆದು ನೋಡಿದಳು. ಒಳಗೆ ಒಂದು ಚಮಚ ಸಕ್ಕರೆಯೂ ಇರಲಿಲ್ಲ.

ಆ ದೃಶ್ಯ ನಿಂತದ್ದು ಅದರ ಹಿಂದಿನ ಸಂಚಿಕೆಗಳಿಂದ. ಅದೇ ಡಬ್ಬಿ ಅದೇ ಗೋಡೆಯ ಮೇಲೆ ಹತ್ತಾರು ಸಲ ಓಡಾಡಿತ್ತು. ಚಟ್ನಿಪುಡಿ ಹೋದಾಗ ಎರಡು ಬಾಳೆಹಣ್ಣು ಬರುತ್ತಿತ್ತು, ಪಾಯಸ ಹೋದಾಗ ಬೆಲ್ಲದ ಚೂರು ಬರುತ್ತಿತ್ತು. ಕಲಾ ವಿಭಾಗದವರು ತಂದಿಟ್ಟ ವಸ್ತು ಎಂಬಂತೆ ನಾನು ಅದನ್ನು ಬರೆದುಕೊಂಡು ಹೋಗಿದ್ದೆ, ಅದರ ಬೆಲೆ ಕಂಡದ್ದು ಕಲಾವಿದೆಗೆ. ಮುರಿಯಬೇಕಾದ ಸಂಬಂಧವನ್ನು ಮೊದಲು ಒಂದು ಅಭ್ಯಾಸವಾಗಿ ತೋರಿಸಿರಬೇಕು. ನೋಡುಗರು ಅದನ್ನು ಗಮನಿಸಬೇಕಾಗಿಲ್ಲ, ಕಣ್ಣಿಗೆ ಒಗ್ಗಿದ್ದರೆ ಸಾಕು. ಅದು ತಪ್ಪಿದ ದಿನ ತಾವಾಗಿಯೇ ಗಮನಿಸುತ್ತಾರೆ. ನಿಮ್ಮ ಮೊದಲ 13 ಸಂಚಿಕೆಗಳಲ್ಲಿ ವಾರಗಿತ್ತಿಯರು ‘ನೀನು ನನ್ನ ಒಡಹುಟ್ಟಿದವಳಂತೆ’ ಎಂದು ಹೇಳಿಕೊಳ್ಳುತ್ತಾರೆ. ಆ ಮಾತುಗಳನ್ನೆಲ್ಲ ಹೊಡೆದುಹಾಕಿ, ಅವರಿಬ್ಬರು ದಿನವೂ ಒಬ್ಬರಿಗೊಬ್ಬರು ಮಾಡುವ ಒಂದು ಸಣ್ಣ ಕೆಲಸವನ್ನು ಅಲ್ಲಿ ಇಡಿ. ಪಾಕ ಇಳಿಸಿ ಬಂದ ಸುಶೀಲಳ ಕೈಗೆ ಭಾಗ್ಯ ಮಜ್ಜಿಗೆ ಲೋಟ ಕೊಡುವುದಾಗಬಹುದು, ಲೆಕ್ಕ ಬರೆಯುವ ಭಾಗ್ಯಳ ಬೆನ್ನ ಹಿಂದೆ ನಿಂತು ಸುಶೀಲ ಅವಳ ಜಡೆಗೆ ಹೂವು ಮುಡಿಸುವುದಾಗಬಹುದು.

ಹೊರಗಿನ ಉದಾಹರಣೆ ಒಂದನ್ನು ಹೇಳಲೇಬೇಕು. ‘ಬೆಟರ್ ಕಾಲ್ ಸಾಲ್’ ಎಂಬ ಅಮೆರಿಕದ ಧಾರಾವಾಹಿ 2015ರಿಂದ 2022ರವರೆಗೆ ಪ್ರಸಾರವಾಯಿತು. ಅಣ್ಣ ಚಕ್ ಹೆಸರಾಂತ ವಕೀಲ. ವಿದ್ಯುತ್ ತನ್ನ ಮೈಗೆ ಆಗುವುದಿಲ್ಲವೆಂದು ನಂಬಿ ಕತ್ತಲ ಮನೆಯಲ್ಲಿ ಕುಳಿತಿದ್ದಾನೆ. ಕಷ್ಟಪಟ್ಟು ಅಂಚೆ ಮೂಲಕ ಕಾನೂನು ಓದಿ ವಕೀಲನಾದ ತಮ್ಮ ಜಿಮ್ಮಿ ಅವನಿಗೆ ಐಸು, ದಿನಸಿ, ಪತ್ರಿಕೆ ತಂದುಕೊಡುತ್ತಾನೆ. ಮೊದಲ ಸರಣಿಯ 9ನೆಯ ಸಂಚಿಕೆಯಲ್ಲಿ, ದೊಡ್ಡ ಕಚೇರಿಯಲ್ಲಿ ತನಗೆ ಕೆಲಸ ಸಿಗದಂತೆ ಅಡ್ಡಗಾಲು ಹಾಕಿದ್ದು ಅಣ್ಣನೇ ಎಂದು ಜಿಮ್ಮಿಗೆ ತಿಳಿಯುತ್ತದೆ. ಕೆದಕಿದಾಗ ಅಣ್ಣ, ನೀನು ನಿಜವಾದ ವಕೀಲನೇ ಅಲ್ಲ ಎಂದುಬಿಡುತ್ತಾನೆ. ಅಷ್ಟು ಕೇಳಿದ ಮೇಲೆ ಜಿಮ್ಮಿ ಏನು ಮಾಡುತ್ತಾನೆ ಗೊತ್ತೇ? ಐಸು, ಮೊಟ್ಟೆ, ನಿನಗೆ ಇಷ್ಟವಾದ ಮಾಂಸ ಎಲ್ಲ ತಂದಿದ್ದೇನೆ, ಮೂರು ನಾಲ್ಕು ದಿನಕ್ಕೆ ಸಾಕಾಗುತ್ತದೆ, ಆಮೇಲೆ ನಿನ್ನದು ನೀನು ನೋಡಿಕೋ, ನನ್ನಿಂದ ಮುಗಿಯಿತು ಎನ್ನುತ್ತಾನೆ. ಸಂಬಂಧ ಕಡಿದುಕೊಳ್ಳುವ ಮಾತಿನಲ್ಲೂ ಅಣ್ಣನ ಊಟದ ಲೆಕ್ಕವಿದೆ. ಹಿಂದಿನ ಸಂಚಿಕೆಗಳಲ್ಲಿ ಆ ಐಸಿನ ಚೀಲಗಳನ್ನು ಹೊತ್ತು ತಂದದ್ದನ್ನು ನಾವು ನೋಡಿರದಿದ್ದರೆ ಈ ಮಾತಿಗೆ ತೂಕವೇ ಇರುತ್ತಿರಲಿಲ್ಲ.

ನಮ್ಮ ಭಾಷೆ ಈ ಕೆಲಸಕ್ಕೆ ಒಂದು ದೊಡ್ಡ ಉಪಕಾರ ಮಾಡಿದೆ. ನಿಮ್ಮ ಭಾಗ್ಯ ಸುಶೀಲಳನ್ನು ‘ಅಕ್ಕ, ನೀನು’ ಎನ್ನುತ್ತಾಳೆ. ಜಗಳದ ಸಂಚಿಕೆಯಲ್ಲೂ ಹಾಗೆಯೇ ಬರೆದಿದ್ದೀರಿ. ಅಲ್ಲಿ ಒಮ್ಮೆ ‘ನೀವು’ ಎಂದು ಬದಲಿಸಿ ನೋಡಿ. ‘ನೀವು ದೊಡ್ಡವರು, ನೀವು ಹೇಳಿದ ಹಾಗೆ ಆಗಲಿ.’ ಇಲ್ಲಿ ಒಂದೂ ಬೈಗುಳವಿಲ್ಲ, ಬಹುವಚನವೊಂದೇ ಸಾಕು, ಅಡುಗೆಮನೆಯ ನಡುವೆ ಗೋಡೆ ಎದ್ದಂತಾಗುತ್ತದೆ. ಮಾರನೆಯ ದಿನದಿಂದ ಮಗುವಿನ ಮೂಲಕ ಮಾತು: ‘ನಿಮ್ಮ ದೊಡ್ಡಮ್ಮನಿಗೆ ಹೇಳು, ಊಟಕ್ಕೆ ಬಡಿಸಿದೆ ಎಂದು.’ ದೊಡ್ಡಮ್ಮ ಮೂರಡಿ ದೂರದಲ್ಲೇ ನಿಂತಿರುತ್ತಾಳೆ.

ಈಗ ನಿಮ್ಮ ಮುಂದಿರುವ ದಾರಿಗಳು. ನಾನು ಮೇಲೆ ಹೇಳಿದ ಅರ್ಧ ನಿಜದ ದಾರಿ ನನಗೆ ಹೆಚ್ಚು ಇಷ್ಟ. ಅದರ ಅಪಾಯವೆಂದರೆ ಹಿಂದಿನ 13 ಸಂಚಿಕೆಗಳಲ್ಲಿ ಬೀಜ ಬಿತ್ತಬೇಕು, ‘ಕಥೆ ನಿಧಾನ’ ಎಂಬ ದೂರು ಬರುತ್ತದೆ. ಸರ, ಬಾಣಂತನ, 500 ರೂಪಾಯಿ ಇವಕ್ಕೆಲ್ಲ ಪ್ರತ್ಯೇಕ ದೃಶ್ಯ ಬರೆಯದೆ, ಇರುವ ದೃಶ್ಯಗಳ ಅಂಚಿನಲ್ಲಿ ಸೇರಿಸಿದರೆ ಆ ದೂರಿಗೆ ಆಸ್ಪದವಿರುವುದಿಲ್ಲ.

ಇನ್ನೊಂದು, ನಿಜವಾದ ದ್ರೋಹ. ಭಾಗ್ಯ ಗುಟ್ಟಾಗಿ ಅರ್ಜಿ ಹಾಕಿಯೇಬಿಡುತ್ತಾಳೆ. ಬಲವಾದ ದಾರಿ, ಆದರೆ ಹಿಂದಿರುಗಲು ಸೇತುವೆ ಇರುವುದಿಲ್ಲ. ಅಂಥವಳನ್ನು ಒಂದು ಹಬ್ಬದ ದಿನ ಎಲ್ಲರೂ ಕ್ಷಮಿಸಿಬಿಟ್ಟರೆ, ನಿಮ್ಮನ್ನು ನಂಬಿ ಇಷ್ಟು ದಿನ ನೋಡಿದವರಿಗೆ ನೀವು ಮೋಸ ಮಾಡಿದಂತೆ. ಮುಂದಿನ 100 ಸಂಚಿಕೆಗಳಲ್ಲಿ ಅವಳ ಒಳಗನ್ನು ಬಿಡಿಸಿ ತೋರಿಸುವ ಶಕ್ತಿ, ತಾಳ್ಮೆ ಇದ್ದರೆ ಮಾತ್ರ ಅತ್ತ ಹೋಗಿ.

ಜಗಳವೇ ಇಲ್ಲದೆ ಇಬ್ಬರೂ ಮೆಲ್ಲಗೆ ದೂರ ಸರಿಯುವುದು ಬದುಕಿಗೆ ಬಹಳ ಹತ್ತಿರ. ಎಂಟು ಹತ್ತು ಕಂತುಗಳ ವೆಬ್ ಸರಣಿಯಾದರೆ ಧೈರ್ಯವಾಗಿ ಬರೆಯಿರಿ. ದಿನದ ಧಾರಾವಾಹಿಯಲ್ಲಿ ಎರಡು ದಿನ ತಪ್ಪಿಸಿಕೊಂಡವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ.

ಮೂರನೆಯವರ ಚಾಡಿ ಎಲ್ಲಕ್ಕಿಂತ ಸುಲಭ, ವಾಹಿನಿಗೂ ಪ್ರಿಯ. ನಾದಿನಿಯೊಬ್ಬಳನ್ನು ತಂದು ಕೂರಿಸಿದರೆ ಕೆಲಸ ಆಗಿಹೋಯಿತು. ಆದರೆ ಮುನಿಸು ಸುಶೀಲ ಮತ್ತು ಭಾಗ್ಯರದಾಗಿ ಉಳಿಯುವುದಿಲ್ಲ. ನಾದಿನಿ ಸಿಕ್ಕಿಬಿದ್ದ ದಿನ ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ, ಬಾಕಿ ಹಾಗೆಯೇ ಉಳಿಯುತ್ತದೆ. ನಾದಿನಿ ಬರಲೇಬೇಕೆಂದು ಹಟ ಹಿಡಿದರೆ ಅವಳ ಬಾಯಿಂದ ಸುಳ್ಳು ಹೇಳಿಸಬೇಡಿ. ಬರೀ ನಿಜವನ್ನೇ ಹೇಳಲಿ, ಹೇಳಬಾರದ ಹೊತ್ತಿನಲ್ಲಿ ಹೇಳಲಿ.

ಎಷ್ಟು ದಿನ ದೂರ ಇಡಬಹುದು ಎಂದು ಕೇಳಿದ್ದೀರಿ. ದಿನಗಳ ಲೆಕ್ಕ ನನಗೆ ಗೊತ್ತಿಲ್ಲ, ಹಾಳೆಯ ಲೆಕ್ಕ ಗೊತ್ತಿದೆ. ವಾರಕ್ಕೊಮ್ಮೆಯಾದರೂ ಒಬ್ಬಳ ಹಾಳೆಯ ಒಂದು ಸಾಲು ಇನ್ನೊಬ್ಬಳಿಗೆ ಗೊತ್ತಾಗುತ್ತಿರಬೇಕು, ಅದೂ ಗೊತ್ತಾಗಬೇಕಾದವಳು ತೋರಿಸಿಕೊಳ್ಳಲಾಗದ ಸ್ಥಿತಿಯಲ್ಲಿ. ಸಾಲುಗಳು ಮುಗಿದ ಮೇಲೂ ಎಳೆದರೆ ನನ್ನ ಕಾಗದದ ಕಥೆಯ ಗತಿಯೇ. ಮತ್ತೊಂದು ಮಾತು: ದಯವಿಟ್ಟು ಭಾಗ್ಯಳನ್ನು ತವರಿಗೆ ಕಳಿಸಬೇಡಿ. ನಿಮ್ಮ ಕಥಾಸಾರಾಂಶದಲ್ಲಿ 17ನೆಯ ಸಂಚಿಕೆಗೆ ಅವಳು ಪೆಟ್ಟಿಗೆ ಕಟ್ಟುತ್ತಾಳೆ. ಊರು ಬೇರೆಯಾದರೆ ಮುನಿಸು ಆರಿಹೋಗುತ್ತದೆ. ಕಬ್ಬು ಅರೆಯುವ ಕಾಲ, ಕಡಿದ ಕಬ್ಬು ಕಾಯುವುದಿಲ್ಲ, ಕೊಪ್ಪರಿಗೆಯೂ ಕಾಯುವುದಿಲ್ಲ. ಮಾತಿಲ್ಲದ ಇಬ್ಬರು ಅದೇ ಒಲೆಯ ಮುಂದೆ, ಅದೇ ಹಬೆಯಲ್ಲಿ ರಾತ್ರಿಯೆಲ್ಲ ನಿಲ್ಲಲೇಬೇಕು. ನಿಮ್ಮ ಕೈಯಲ್ಲಿ ಇಂಥ ಜಾಗವಿರುವಾಗ ಬಸ್ ನಿಲ್ದಾಣದ ದೃಶ್ಯ ಯಾಕೆ?

ಒಂದು ಮಾಡಲೇಬೇಕೇ ಎಂಬುದು ಕಡೆಯ ಪ್ರಶ್ನೆ. ಮಾಡಲೇಬೇಕೆಂಬ ನಿಯಮವಿಲ್ಲ. ಮಾಡುವುದಾದರೆ ದ್ರೋಣ, ದ್ರುಪದರನ್ನು ನೆನೆಯಿರಿ. ಒಂದೇ ಗುರುವಿನ ಬಳಿ ಕಲಿತವರು. ಬಾಲ್ಯದ ಗೆಳೆತನವನ್ನು ನಂಬಿ ಬಂದ ಬಡ ದ್ರೋಣನಿಗೆ ದ್ರುಪದ, ಸಮಾನರಲ್ಲದವರಿಗೆ ಸ್ನೇಹವೆಲ್ಲಿಯದು ಎಂದ. ದ್ರೋಣ ಶಿಷ್ಯರಿಂದ ಅವನನ್ನು ಹಿಡಿದು ತರಿಸಿ, ಅರ್ಧ ರಾಜ್ಯ ಇಟ್ಟುಕೊಂಡು ಅರ್ಧ ಹಿಂದಿರುಗಿಸಿ, ಈಗ ಸಮಾನರಾದೆವಲ್ಲ, ಸ್ನೇಹಿತರಾಗಿರೋಣ ಎಂದ. ದ್ರುಪದ ಹೂಂ ಎಂದ. ಮನೆಗೆ ಹೋಗಿ ದ್ರೋಣನನ್ನು ಕೊಲ್ಲುವ ಮಗನಿಗಾಗಿ ಯಜ್ಞ ಮಾಡಿಸಿದ. ಎದುರಿನವನ ಬಾಕಿಯನ್ನು ಒಪ್ಪಿಕೊಳ್ಳದೆ ತನ್ನ ಬಾಕಿಯನ್ನಷ್ಟೇ ವಸೂಲಿ ಮಾಡಿದ ರಾಜಿ ಅದು.

ನಿಮ್ಮ ಕರಡಿನ ಕೊನೆಯಲ್ಲಿ ಬ್ಯಾಂಕಿನ ಕಾಗದ ಸಿಕ್ಕಿ, ಸುಶೀಲ ಓಡಿಬಂದು ಭಾಗ್ಯಳ ಕಾಲು ಹಿಡಿಯುತ್ತಾಳೆ. ಅದು ಬೇಡ. ಭಾಗ್ಯ ಅಷ್ಟು ಶುದ್ಧಳಲ್ಲ, ಸುಶೀಲ ಅಷ್ಟು ತಪ್ಪಿತಸ್ಥಳೂ ಅಲ್ಲ. ಒಂದು ರಾತ್ರಿ ಕೊಪ್ಪರಿಗೆ ಉಕ್ಕುತ್ತಿರುವಾಗ ಸುಶೀಲ ಪಕ್ಕಕ್ಕೆ ಸರಿದು ನಿಲ್ಲಲಿ. ನೀರಿನ ಬಟ್ಟಲನ್ನು ಭಾಗ್ಯಳ ಕಡೆಗೆ ಚಾಚಿ, ‘ಬಂದಿದೆಯಾ ನೋಡು’ ಎನ್ನಲಿ. ಭಾಗ್ಯ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, ‘ಇನ್ನೊಂದು ಸ್ವಲ್ಪ ಹೊತ್ತು, ಅಕ್ಕ’ ಎನ್ನಲಿ. ಬೆಳಗಿನ ಜಾವ ಅಚ್ಚಿಗೆ ಹೊಯ್ದು ಎಲ್ಲರೂ ಮಲಗಿದ ಮೇಲೆ ಅವಳು ಲೆಕ್ಕದ ಪುಸ್ತಕ ತೆಗೆದು, ಹೊಸ ಪುಟದ ಮೇಲೆ ‘ಅಕ್ಕನ ಸರ, ಬಾಕಿ’ ಎಂದು ಬರೆಯಲಿ. ಮೊತ್ತದ ಜಾಗವನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಲಿ.